ತುಮಕೂರಿನಲ್ಲಿ ಸೂರ್ಯ, ಕುಣಿಗಲ್ಲಿನಲ್ಲಿ ಕಡಲೆಕಾಳು

2025ರ ಫೆಬ್ರುವರಿಯ ಒಂದು ರಾತ್ರಿ, ಒಂಬತ್ತೂವರೆ ಇರಬೇಕು, ಗುಬ್ಬಿಯಿಂದ ಮೊಮ್ಮಗಳ ಫೋನು ಬಂತು. ಆ ಹೊತ್ತಿಗೆ ಅವಳು ಮಲಗಿರುತ್ತಾಳೆ.

“ತಾತ, 2032ಕ್ಕೆ ಒಂದು ಕಲ್ಲು ಬಂದು ಭೂಮಿಗೆ ಹೊಡೆಯುತ್ತಂತೆ. ಆಗ ನಾನು ಕಾಲೇಜಲ್ಲಿರ್ತೀನಿ ತಾನೇ?”

“ಯಾರು ಹೇಳಿದ್ರು ಪುಟ್ಟಿ?”

“ಅಪ್ಪನ ಫೋನಲ್ಲಿ ಬಂತು. ಬೆಂಕಿ ಎಲ್ಲಾ ತೋರಿಸಿದ್ರು.”

ಅವಳ ದನಿ ಕೇಳಿ ನನಗೆ 1979ರ ಜುಲೈ ನೆನಪಾಯಿತು. ನಾನಾಗ ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ. ಅಮೆರಿಕದವರು ಹಾರಿಸಿದ್ದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಕೆಳಗೆ ಬೀಳುತ್ತಿದೆ, ಎಲ್ಲಿ ಬೀಳುತ್ತದೋ ಯಾರಿಗೂ ಖಚಿತವಿಲ್ಲ ಎಂದು ರೇಡಿಯೊ ಹೇಳುತ್ತಿತ್ತು. ಸಾಯುವ ಮೊದಲು ತಿಂದುಬಿಡೋಣ ಎಂದು ನಮ್ಮ ಬೀದಿಯಲ್ಲಿ ಕೋಳಿ ಕೊಯ್ದವರಿದ್ದರು. ನನ್ನಜ್ಜಿ ದೇವರ ಮುಂದೆ ದೀಪ ಹಚ್ಚಿ, ನನ್ನನ್ನು ಪಕ್ಕದಲ್ಲೇ ಮಲಗಿಸಿಕೊಂಡಿದ್ದರು. ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯದಲ್ಲೂ ಚೂರುಚೂರಾಗಿ ಬಿತ್ತು. ನಮ್ಮೂರಿನಲ್ಲಿ ಕೋಳಿಗಳಷ್ಟೇ ಹೋದವು. ಈ ಪುಟ ಓದುತ್ತಿರುವ ತಾತ ಅಜ್ಜಿಯರಲ್ಲಿ ಅನೇಕರಿಗೆ ಇಂಥದೇ ನೆನಪಿದ್ದೀತು. ಪಕ್ಕದಲ್ಲಿರುವ ಮಕ್ಕಳಿಗೆ ಹೇಳಿ.

“ಭಾನುವಾರ ಬಾ, ಆ ಕಲ್ಲಿನ ದಾರಿ ತೋರಿಸ್ತೀನಿ” ಎಂದೆ. ಹೇಳಿದ್ದೇನೋ ಹೇಳಿದೆ. ಆದರೆ ತೋರಿಸುವುದು ಹೇಗೆ?

ನಮ್ಮ ತುಮಕೂರಿನ ಮನೆಯ ಗೋಡೆಯ ಮೇಲೆ ಹಳೆಯದೊಂದು ಜಿಲ್ಲಾ ನಕ್ಷೆ ಇದೆ. ಅವಳು ಬಂದ ದಿನ ಅದನ್ನು ಕೆಳಗಿಳಿಸಿ, ನೆಲದ ಮೇಲೆ ಹರಡಿ, ದಾರ ಹಿಡಿದು ಕೂತೆವು. ತುಮಕೂರಿನಲ್ಲಿ ಸೂರ್ಯನನ್ನು ಇಟ್ಟೆ. ಗುಬ್ಬಿ ಅವಳ ಊರು, ಆದ್ದರಿಂದ ಭೂಮಿ ಅಲ್ಲಿ. ಬಸ್ಸಿನ ದಾರಿ ಬಿಟ್ಟು ನೇರ ಗೆರೆ ಎಳೆದರೆ ಎರಡೂ ಊರುಗಳ ನಡುವೆ ಸುಮಾರು 17.5 ಕಿಲೋಮೀಟರ್. ನಿಜವಾದ ಸೂರ್ಯನಿಂದ ನಿಜವಾದ ಭೂಮಿಗೆ ಸುಮಾರು 15 ಕೋಟಿ ಕಿಲೋಮೀಟರ್. ಈ ದೂರಕ್ಕೆ ಖಗೋಳಮಾನ ಎಂದು ಹೆಸರು. ಅಂದರೆ ನಮ್ಮ ನಕ್ಷೆಯಲ್ಲಿ ಒಂದು ಕಿಲೋಮೀಟರ್ ನಡೆದರೆ ಆಕಾಶದಲ್ಲಿ 85 ಲಕ್ಷ ಕಿಲೋಮೀಟರ್ ನಡೆದಂತೆ.

ದಾರವನ್ನು ಮಡಿಸಿ ಅಳೆಯುತ್ತಾ ಹೋದಂತೆ ನನಗೇ ಅಚ್ಚರಿಯಾಯಿತು. ಗುಬ್ಬಿಯ ದಾರದ ಎರಡರಷ್ಟನ್ನು ದಕ್ಷಿಣಕ್ಕೆ ಚಾಚಿದರೆ ಅದು ಸರಿಯಾಗಿ ಕುಣಿಗಲ್ಲಿನ ಹತ್ತಿರ ಬಂದು ನಿಲ್ಲುತ್ತದೆ. ಮಂಗಳ ಗ್ರಹದ ದಾರಿ ಹೆಬ್ಬೂರು ದಾಟಿದ ಮೇಲೆ, ಕುಣಿಗಲ್ ಬರುವ ಮೊದಲೇ ಹಾದುಹೋಗುತ್ತದೆ. ಕ್ಷುದ್ರಗ್ರಹಗಳ ಮುಖ್ಯ ಪಟ್ಟಿ ಶುರುವಾಗುವುದು ಸೂರ್ಯನಿಂದ ಎರಡು ಖಗೋಳಮಾನಕ್ಕಿಂತ ಸ್ವಲ್ಪ ಆಚೆ, ಅಂದರೆ ಕುಣಿಗಲ್ಲಿನಲ್ಲಿ! ಅದು ಮುಗಿಯುವುದು ಸುಮಾರು 3.3ರಲ್ಲಿ. ಆ ದಾರದ ತುದಿ ಕುಣಿಗಲ್ ತಾಲ್ಲೂಕಿನದೇ ಹುಲಿಯೂರುದುರ್ಗವನ್ನು ಮುಟ್ಟಿತು. ಇನ್ನೂ ಮುಂದೆ ಐದು ಪಟ್ಟಿಗೆ ನಕ್ಷೆ ಸಾಲದೆ ಕ್ಯಾಲೆಂಡರಿನ ಹಿಂಬದಿ ಅಂಟಿಸಿದೆವು. ಅಲ್ಲಿ ಮಂಡ್ಯ ಬಂತು. ದೈತ್ಯ ಗ್ರಹ ಗುರುವಿನ ಜಾಗ ಅದು. ಯಾರೂ ಬೇಕೆಂದು ಮಾಡಿದ್ದಲ್ಲ ಇದು, ಊರುಗಳು ಹಾಗೆ ಕೂತಿವೆ ಅಷ್ಟೇ.

ಇದೇ ಅಳತೆಯಲ್ಲಿ ತುಮಕೂರಿನ ಸೂರ್ಯ ಒಂದು ದೊಡ್ಡ ಕ್ರಿಕೆಟ್ ಮೈದಾನದಷ್ಟು ಅಗಲ. ಗುಬ್ಬಿಯ ಭೂಮಿ ಒಂದೂವರೆ ಮೀಟರಿನ ಚೆಂಡು, ಐದನೇ ಕ್ಲಾಸಿನ ನನ್ನ ಮೊಮ್ಮಗಳಿಗಿಂತ ತುಸು ಎತ್ತರ. ಅದರಿಂದ 45 ಮೀಟರ್ ದೂರದಲ್ಲಿ ಚಂದ್ರ. ಬೆಳಕು ಈ ನಕ್ಷೆಯ ಮೇಲೆ ಗಂಟೆಗೆ ಸುಮಾರು 126 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು. ಗುಬ್ಬಿಗೆ ಎಂಟೂಕಾಲು ನಿಮಿಷ, ಕುಣಿಗಲ್ಲಿಗೆ ಹದಿನೇಳು ನಿಮಿಷ.

“ಕುಣಿಗಲ್ಲಿಂದ ಹುಲಿಯೂರುದುರ್ಗದ ತನಕ ಬರೀ ಬಂಡೆಗಳಾ ತಾತ?”

ಸಿನಿಮಾದಲ್ಲಿ ಹಾಗೇ ತೋರಿಸುತ್ತಾರೆ. ಬಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ, ನಡುವೆ ನುಸುಳಿ ನಾಯಕನ ನೌಕೆ ಪಾರಾಗುತ್ತದೆ. ನಿಜ ಬೇರೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಸಿರಿಸ್ ಸುಮಾರು 940 ಕಿಲೋಮೀಟರ್ ಅಗಲ. ನಮ್ಮ ಅಳತೆಯಲ್ಲಿ ಒಂದು ದೊಡ್ಡ ದಾಳಿಂಬೆ. ವೆಸ್ಟಾ ಒಂದು ದಪ್ಪ ನಿಂಬೆಹಣ್ಣು. ಹತ್ತು ಕಿಲೋಮೀಟರ್ ಅಗಲದ ಬೆಟ್ಟದಂಥ ಕ್ಷುದ್ರಗ್ರಹ ಒಂದು ರಾಗಿಕಾಳು. ಇಲ್ಲಿಯವರೆಗೆ ಗುರುತಿಸಿರುವ ಕ್ಷುದ್ರಗ್ರಹಗಳು 13 ಲಕ್ಷಕ್ಕೂ ಹೆಚ್ಚು, ಬಹುಪಾಲು ಈ ಪಟ್ಟಿಯವೇ. ಆದರೂ ಎಲ್ಲವನ್ನೂ ಒಟ್ಟಿಗೆ ಕಲಸಿ ಉಂಡೆ ಕಟ್ಟಿದರೆ ನಮ್ಮ ಚಂದ್ರನ ತೂಕದ ನೂರಕ್ಕೆ ಮೂರು ಪಾಲು ಮಾತ್ರ. ತುಮಕೂರಿನ ಸುತ್ತ, ಕುಣಿಗಲ್ ಹುಲಿಯೂರುದುರ್ಗಗಳಷ್ಟು ದೂರದಲ್ಲಿ ಬಳೆಯ ಹಾಗೆ ಸುತ್ತಿ ಬರುವ ಆ ವಿಶಾಲ ಜಾಗದಲ್ಲಿ ನೀವು ಹುಡುಕುತ್ತಾ ಹೋದರೆ ಒಂದು ಧೂಳಿನ ಕಣಕ್ಕೂ ಇನ್ನೊಂದಕ್ಕೂ ನೂರು ಮೀಟರಿನ ಮೇಲೆ ಅಂತರ. 1972ರಲ್ಲಿ ಈ ಪಟ್ಟಿಯನ್ನು ಮೊದಲ ಬಾರಿಗೆ ಹೊಕ್ಕ ಪಯೋನಿಯರ್ 10 ನೌಕೆ ಏನೂ ಆಗದೆ ಆಚೆ ಹೋಯಿತು.

ಇಷ್ಟರಲ್ಲಿ ಅವಳ ಅಜ್ಜಿ ಉಸಲಿಗೆಂದು ನೆನೆಹಾಕಲು ಕಡಲೆಕಾಳು ಆರಿಸುತ್ತಿದ್ದಳು. ಅದರಲ್ಲೊಂದು ಕಾಳು ತೆಗೆದು ಕುಣಿಗಲ್ಲಿನ ಮೇಲಿಟ್ಟೆ. “ಇದರ ಹೆಸರು ಏಷ್ಯಾ.”

ತಮಾಷೆಯಲ್ಲ, 67ನೇ ಕ್ಷುದ್ರಗ್ರಹದ ಹೆಸರು ಏಷ್ಯಾ. ಅಗಲ ಅರವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ನಮ್ಮ ಅಳತೆಯಲ್ಲಿ ಸರಿಯಾಗಿ ಕಡಲೆಕಾಳು. 1861ರ ಏಪ್ರಿಲ್ 17ರಂದು ಮದರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಎಂಬ ಇಂಗ್ಲಿಷ್ ಖಗೋಳ ವಿಜ್ಞಾನಿ ಅದನ್ನು ಕಂಡರು. ಮದರಾಸಿಗೆ ಬಂದು ಅವರಿಗೆ ಕೆಲವೇ ವಾರಗಳಾಗಿದ್ದವು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು, ಹಾಗಾಗಿ ಆ ಹೆಸರು. ಅದೇ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರು ಚಿಂತಾಮಣಿ ರಘುನಾಥಾಚಾರಿ. ಹೊಳಪು ಬದಲಾಗುವ ಒಂದು ನಕ್ಷತ್ರವನ್ನು 1867ರಲ್ಲಿ ಅವರು ಕಂಡುಹಿಡಿದರು. 1874ರಲ್ಲಿ ಶುಕ್ರ ಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ಜನರಿಗೆ ತಿಳಿಸಲು ಅವರು ಬರೆದ ಪುಸ್ತಿಕೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿದ್ಧವಾಯಿತು. ಪಾಗ್ಸನ್ನರ ಮಗಳು ಐಸಿಸ್ ಕೂಡ ಅಲ್ಲೇ ಇಪ್ಪತ್ತೈದು ವರ್ಷ ದುಡಿದರು. ಆ ಮದರಾಸು ವೀಕ್ಷಣಾಲಯದ ವಂಶದ ಕುಡಿಯೇ ಇಂದಿನ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಮದರಾಸಿನಿಂದ ಕೊಡೈಕೆನಾಲಿಗೆ, ಅಲ್ಲಿಂದ ನಮ್ಮ ಪಕ್ಕದೂರಿಗೆ ಬಂದಿತು.

ಆಗ ಕಂಪ್ಯೂಟರ್ ಇರಲಿಲ್ಲ, ಆಕಾಶದ ಫೋಟೊ ತೆಗೆಯುವ ಅಭ್ಯಾಸವೂ ಇರಲಿಲ್ಲ. ನಕ್ಷತ್ರಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡು ದೂರದರ್ಶಕದಲ್ಲಿ ಕಾಣುವ ಚುಕ್ಕೆಗಳೊಂದಿಗೆ ತಾಳೆ ನೋಡಬೇಕು. ನಕ್ಷೆಯಲ್ಲಿಲ್ಲದ ಚುಕ್ಕೆಯೊಂದು ಕಂಡರೆ ಮರುದಿನ ಮತ್ತೆ ನೋಡಬೇಕು. ಅದು ಸರಿದಿದ್ದರೆ ಸಿಕ್ಕಿತು! ನಕ್ಷತ್ರಗಳು ತಮ್ಮ ತಮ್ಮ ನಡುವೆ ಜಾಗ ಬಿಟ್ಟು ಕದಲುವುದಿಲ್ಲ. ಕದಲುವುದು ಸೂರ್ಯನ ಮನೆಯವರು ಮಾತ್ರ.

ಸಿಕ್ಕಿದ ಮೇಲೆ ಕಳೆದುಹೋಗದಂತೆ ನೋಡಿಕೊಳ್ಳುವುದು ಇನ್ನೂ ಕಷ್ಟ. ಮೊಟ್ಟಮೊದಲ ಕ್ಷುದ್ರಗ್ರಹವಾದ ಸಿರಿಸ್‌ಗೆ ಹಾಗೇ ಆಯಿತು. 1801ರ ಜನವರಿ 1ರಂದು ಇಟಲಿಯ ಪಿಯಾಜ್ಜಿ ಅದನ್ನು ಕಂಡರು, ಆರು ವಾರ ಹಿಂಬಾಲಿಸಿದರು, ಆಮೇಲೆ ಅದು ಸೂರ್ಯನ ಬೆಳಕಿನ ಹಿಂದೆ ಮರೆಯಾಯಿತು. ಯುರೋಪೆಲ್ಲ ಹುಡುಕಿತು. ಜರ್ಮನಿಯ 24 ವರ್ಷದ ಯುವಕ ಗೌಸ್, ಪಿಯಾಜ್ಜಿಯ ಕೆಲವೇ ಅಳತೆಗಳನ್ನು ಇಟ್ಟುಕೊಂಡು ಕೂತಲ್ಲೇ ಲೆಕ್ಕ ಹಾಕಿ, ಅದು ಇಂಥ ಕಡೆ ಇರಬೇಕು ಎಂದ. ಆ ವರ್ಷದ ಕೊನೆಯ ರಾತ್ರಿ ಅದು ಅವನು ಹೇಳಿದ ಕಡೆಯಲ್ಲೇ ಸಿಕ್ಕಿತು. ಮೂರು ಬೇರೆ ಬೇರೆ ದಿನ ಎಲ್ಲಿತ್ತು ಎಂದು ಚೆನ್ನಾಗಿ ಗೊತ್ತಾದರೆ, ಸೂರ್ಯನನ್ನು ಸುತ್ತುವ ಒಂದು ಕಲ್ಲಿನ ಇಡೀ ದಾರಿಯನ್ನು ಲೆಕ್ಕ ಹಾಕಬಹುದು. ನನಗೆ ಕೇಳಿದರೆ ಚಂದ್ರನ ಮೇಲೆ ಕಾಲಿಟ್ಟದ್ದಕ್ಕಿಂತ ಇದೇ ಹೆಚ್ಚಿನ ಸೋಜಿಗ.

ಏಷ್ಯಾದ ದಾರಿ ಹೇಗಿದೆ? ಮಕ್ಕಳೇ, ಇದನ್ನು ನೀವೇ ಬರೆಯಬಹುದು. ರಟ್ಟಿನ ಮೇಲೆ ದೊಡ್ಡ ಹಾಳೆ ಹಾಸಿ, 4.5 ಸೆಂಟಿಮೀಟರ್ ಅಂತರದಲ್ಲಿ ಎರಡು ಗುಂಡುಪಿನ್ನು ಚುಚ್ಚಿ. ಗಂಟು ಹಾಕಿದ ಮೇಲೆ ಸುತ್ತಳತೆ 28.7 ಸೆಂಟಿಮೀಟರ್ ಬರುವಂತೆ ದಾರದ ಒಂದು ಕುಣಿಕೆ ಮಾಡಿ ಎರಡೂ ಪಿನ್ನುಗಳಿಗೆ ತೊಡಿಸಿ. ಒಳಗಿನಿಂದ ಪೆನ್ಸಿಲ್ ತೂರಿಸಿ, ದಾರ ಬಿಗಿಯಾಗಿರುವಂತೆ ಎಳೆದು ಹಿಡಿದು ಒಂದು ಸುತ್ತು ಬನ್ನಿ. ಬಂದ ಗೆರೆಯೇ ದೀರ್ಘವೃತ್ತ, ಏಷ್ಯಾದ ಕಕ್ಷೆ. ಒಂದು ಪಿನ್ನಿಗೆ ‘ಸೂರ್ಯ’ ಎಂದು ಬರೆಯಿರಿ. ಇನ್ನೊಂದರಲ್ಲಿ ಏನೂ ಇಲ್ಲ, ಖಾಲಿ ಆಕಾಶ. ಸೂರ್ಯನ ಪಿನ್ನಿನ ಸುತ್ತ ಕೈವಾರದಿಂದ ಐದು ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದರೆ ಅದು ಭೂಮಿಯ ದಾರಿ.

ನನ್ನ ಮೊಮ್ಮಗಳು ಮೊಟ್ಟೆಯ ಆಕಾರ ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಹೆಚ್ಚೂಕಡಿಮೆ ಬಳೆ. “ಇದು ರೌಂಡಾಗೇ ಇದೆಯಲ್ಲ ತಾತ” ಎಂದು ಬೇಜಾರು ಮಾಡಿಕೊಂಡಳು. ಸರಿಯಾಗಿ ನೋಡು ಎಂದೆ. ಬಳೆ ಬಳೆಯಂತೆಯೇ ಇದೆ, ಸೂರ್ಯ ಮಾತ್ರ ನಟ್ಟನಡುವೆ ಇಲ್ಲ, ಒಂದು ಕಡೆಗೆ ಸರಿದು ಕೂತಿದ್ದಾನೆ. ಎಷ್ಟು ಸರಿದಿದ್ದಾನೆ ಎಂಬುದನ್ನು ಹೇಳುವ ಅಂಕಿಗೆ ಉತ್ಕೇಂದ್ರತೆ ಎನ್ನುತ್ತಾರೆ. ಭೂಮಿಯದು 0.017, ಏಷ್ಯಾದ್ದು 0.185.

ಇದನ್ನು ಜಿಲ್ಲೆಯ ನಕ್ಷೆಯ ಮೇಲೆ ಇಡೋಣ. ಸೂರ್ಯನಿಗೆ ಅತಿ ಹತ್ತಿರ ಬಂದಾಗ ನಮ್ಮ ಕಡಲೆಕಾಳು ಕುಣಿಗಲ್ ಹತ್ತಿರ, ಅಂದರೆ 1.97 ಖಗೋಳಮಾನ. ಅತಿ ದೂರದಲ್ಲಿ, 2.87 ಖಗೋಳಮಾನದಲ್ಲಿ, ಇರುವುದು ಅದಕ್ಕೆ ಎದುರು ದಿಕ್ಕಿನಲ್ಲಿ: ತುಮಕೂರಿನಿಂದ ಉತ್ತರಕ್ಕೆ, ಮಧುಗಿರಿ ಬೆಟ್ಟವನ್ನೂ ದಾಟಿ ಪಾವಗಡದ ಕಡೆ ಇನ್ನೂ ಹದಿಮೂರು ಕಿಲೋಮೀಟರ್. ಕುಣಿಗಲ್ ಬಳಿ ಅದರ ನಿಜವಾದ ವೇಗ ಸೆಕೆಂಡಿಗೆ ಸುಮಾರು 23 ಕಿಲೋಮೀಟರ್. ಮಧುಗಿರಿಯ ಆಚೆ 16ಕ್ಕೆ ಇಳಿಯುತ್ತದೆ. ಹತ್ತಿರ ಬಂದಾಗ ಓಟ, ದೂರ ಹೋದಾಗ ನಡಿಗೆ. ನಮ್ಮ ನಕ್ಷೆಯ ಮೇಲಾದರೆ ಕಾಳು ಗಂಟೆಗೆ ಸರಾಸರಿ ಎಂಟು ಮೀಟರ್ ಉರುಳುತ್ತದೆ, ಅಷ್ಟೇ. ಇರುವೆಯೂ ಅದನ್ನು ಹಿಂದೆ ಹಾಕೀತು. ಒಂದು ಸುತ್ತು ಮುಗಿಸಲು 3.77 ವರ್ಷ, ಹತ್ತಿರ ಹತ್ತಿರ ಮೂರು ವರ್ಷ ಒಂಬತ್ತು ತಿಂಗಳು.

ಇನ್ನೊಂದು ವಿಷಯ ಹಾಳೆಯ ಮೇಲೆ ಬರೆಯಲಾಗದು. ಏಷ್ಯಾದ ಕಕ್ಷೆ ಭೂಮಿಯ ಕಕ್ಷೆಯ ಮಟ್ಟದಲ್ಲಿಲ್ಲ, ಆರು ಡಿಗ್ರಿ ಓರೆ. ಕೇಳಲು ಆರು ಡಿಗ್ರಿ ಏನೂ ಅಲ್ಲ. ಆದರೆ ನಕ್ಷೆಯಲ್ಲಿ ಕಾಳು ಒಂದು ಕಡೆ ನೆಲದಿಂದ ನಾಲ್ಕು ಕಿಲೋಮೀಟರಿನಷ್ಟು ಮೇಲೆ ಏರುತ್ತದೆ. ಸಮುದ್ರಮಟ್ಟದಿಂದ ಅಳೆದ ದೇವರಾಯನದುರ್ಗದ ಮೂರು ಪಟ್ಟು ಎತ್ತರ. ಇನ್ನೊಂದು ಕಡೆ ಅಷ್ಟೇ ಆಳಕ್ಕೆ ಇಳಿಯುತ್ತದೆ.

“ಹಾಗಾದ್ರೆ ಇದು ಗುಬ್ಬಿಗೆ ಬರೋದೇ ಇಲ್ವಾ?”

ಅವಳೇ ಸ್ಕೇಲು ಹಿಡಿದು ಎರಡು ಗೆರೆಗಳ ನಡುವಿನ ಅತಿ ಸಣ್ಣ ಅಂತರ ಅಳೆದಳು. ಐದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಅಂದರೆ ಏಷ್ಯಾ ಎಷ್ಟೇ ಹತ್ತಿರ ಬಂದರೂ ನಮಗೂ ಅದಕ್ಕೂ ನಡುವೆ 14 ಕೋಟಿ ಕಿಲೋಮೀಟರ್ ಇದ್ದೇ ಇರುತ್ತದೆ. ಪಟ್ಟಿಯೊಳಗಿನ ಲಕ್ಷಾಂತರ ಕಾಳುಗಳೂ ಹೀಗೆ ತಮ್ಮ ತಮ್ಮ ದಾರಿ ಹಿಡಿದುಕೊಂಡಿವೆ.

ಮತ್ತೆ ಫೋನಿನಲ್ಲಿ ಬಂದ ಕಲ್ಲು? ಅಲ್ಲಿಗೆ ಬರಬೇಕಾದರೆ ಮಂಡ್ಯದ ಗುರುವಿನ ಕಥೆ ಹೇಳಬೇಕು.

ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು. ಕುಣಿಗಲ್ಲಿನಿಂದ ಹುಲಿಯೂರುದುರ್ಗದ ದಾರಿಯಲ್ಲಿ ಮೂರನೇ ಒಂದು ಭಾಗ ಹೋದಾಗ, 2.5 ಖಗೋಳಮಾನದ ಹತ್ತಿರ, ಒಂದು ಖಾಲಿ ಜಾಗ ಇದೆ. ಅಲ್ಲಿರುವ ಕಲ್ಲು ಗುರು ಒಂದು ಸುತ್ತು ಬರುವಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಬರುತ್ತದೆ. ಆದ್ದರಿಂದ ಗುರುವಿನ ಸೆಳೆತ ಪ್ರತಿ ಸಲವೂ ಅದೇ ಲಯದಲ್ಲಿ ಅದಕ್ಕೆ ತಾಗುತ್ತದೆ. ಜೋಕಾಲಿ ಹಿಂದಕ್ಕೆ ಬಂದಾಗಲೆಲ್ಲ ಸರಿಯಾಗಿ ಅದೇ ಹೊತ್ತಿಗೆ ಮೆಲ್ಲಗೆ ತಳ್ಳುತ್ತಾ ಹೋದರೆ ಏನಾಗುತ್ತದೆ? ಪುಟ್ಟ ತಮ್ಮ ತಳ್ಳಿದರೂ ಅದು ಮಾವಿನ ಕೊಂಬೆ ಮುಟ್ಟುತ್ತದೆ. ಹಾಗೆಯೇ ಆ ಕಲ್ಲಿನ ಕಕ್ಷೆ ಉದ್ದುದ್ದ ಎಳೆದುಕೊಂಡು, ಕೊನೆಗೊಮ್ಮೆ ಮಂಗಳ, ಭೂಮಿಗಳ ದಾರಿಗೆ ಅಡ್ಡ ಬರುತ್ತದೆ. ಅಮೆರಿಕದ ಡೇನಿಯಲ್ ಕರ್ಕ್‌ವುಡ್ 1866ರಲ್ಲಿ ಇಂಥ ಖಾಲಿ ಜಾಗಗಳನ್ನು ಗಮನಿಸಿದರು. ಪಟ್ಟಿಯ ಎರಡು ಅಂಚುಗಳೂ ಇಂಥವೇ: ಕುಣಿಗಲ್ ಅಂಚಿನಲ್ಲಿ ಗುರುವಿನ ಒಂದು ಸುತ್ತಿಗೆ ನಾಲ್ಕು, ಹುಲಿಯೂರುದುರ್ಗದಲ್ಲಿ ಎರಡು. ನಮ್ಮ ಏಷ್ಯಾದ ಸರಾಸರಿ ದೂರ 2.42. ಆ ಖಾಲಿ ಜಾಗದ ಅಂಚಿಗೆ ಹತ್ತಿರದಲ್ಲೇ, ಆದರೆ ಅದರ ಈಚೆಗೆ, ತನ್ನ ಪಾಡಿಗೆ ಇದೆ.

ಹಾಗೆ ದಾರಿ ತಪ್ಪಿ ಬಂದ ಚೂರುಗಳೇ ನಮ್ಮಲ್ಲಿ ಉಲ್ಕಾಶಿಲೆಗಳಾಗಿ ಬೀಳುವುದು. ಹುಲಿಯೂರುದುರ್ಗದಿಂದ ಮುಂದೆ ಹೋದರೆ ಸಿಗುವ ಮದ್ದೂರು ಸೀಮೆಯಲ್ಲಿ 1865ರ ಸೆಪ್ಟೆಂಬರ್ 21ರಂದು ನಿಜವಾಗಿಯೇ ಒಂದು ಬಿತ್ತು, ಸುಮಾರು ನಾಲ್ಕೂವರೆ ಕಿಲೋ ತೂಕದ್ದು. ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದಕ್ಕೆ ‘ಮುದ್ದೂರ್’ ಎಂದೇ ಹೆಸರು. ಅದೇ ಜಾತಿಯ ಕಲ್ಲುಗಳು ಸುಮಾರು 47 ಕೋಟಿ ವರ್ಷಗಳ ಹಿಂದೆ ಪಟ್ಟಿಯಲ್ಲಿ ಒಡೆದುಹೋದ ದೊಡ್ಡದೊಂದು ಕ್ಷುದ್ರಗ್ರಹದ ಚೂರುಗಳು ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಷ್ಟು ಕಾಲ ಅಲೆದು ಬಂದು ಸೇರಿದ್ದು ಮದ್ದೂರಿಗೆ!

ಫೋನಿನ ಕಲ್ಲಿನ ಹೆಸರು 2024 ವೈಆರ್4. ಅಗಲ ಅರವತ್ತು ಮೀಟರ್ ಆಸುಪಾಸು. 2024ರ ಡಿಸೆಂಬರ್ 27ರಂದು ಅದು ಕಣ್ಣಿಗೆ ಬಿತ್ತು. ಶುರುವಿನಲ್ಲಿ ಕೆಲವೇ ದಿನದ ಅಳತೆಗಳಿದ್ದವು, ಅಂದರೆ ದಾರಿಯ ಒಂದು ತುಣುಕು. ತುಣುಕಿನಿಂದ ಎಂಟು ವರ್ಷ ಮುಂದಿನ ಜಾಗ ಹೇಳಲು ಹೋದರೆ ಗೆರೆ ಒಂದಲ್ಲ, ಬೀಸಣಿಗೆಯಂತೆ ಹರಡಿದ ನೂರಾರು. ಅದರಲ್ಲಿ ಕೆಲವು ಭೂಮಿಯನ್ನು ಮುಟ್ಟುತ್ತಿದ್ದವು. ಫೆಬ್ರುವರಿ 18ರಂದು ಆ ಸಾಧ್ಯತೆ ನೂರಕ್ಕೆ ಮೂರರಷ್ಟು ಎಂದು ಲೆಕ್ಕ ಬಂತು, ಅವಳಿಗೆ ಬಂದ ಬೆಂಕಿಯ ವಿಡಿಯೊ ಅದರದ್ದೇ. ದಿನದಿನಕ್ಕೂ ಹೊಸ ಅಳತೆ ಸೇರಿದ ಹಾಗೆ ಬೀಸಣಿಗೆ ಮಡಿಸಿಕೊಂಡಿತು. ತಿಂಗಳು ಮುಗಿಯುವ ಮೊದಲೇ ಭೂಮಿಗೆ ಅಪಾಯವಿಲ್ಲ ಎಂದು ಖಗೋಳ ವಿಜ್ಞಾನಿಗಳು ಹೇಳಿದರು. ಈ ಸುದ್ದಿಗೆ ಮಾತ್ರ ಯಾರೂ ವಿಡಿಯೊ ಮಾಡಿ ಅವಳಿಗೆ ಕಳಿಸಲಿಲ್ಲ. ನಾನೇ ಫೋನು ಮಾಡಿ ಹೇಳಿದೆ.

ಅಂದಹಾಗೆ, ಮದರಾಸಿನಿಂದ ಪಾಗ್ಸನ್ ಕೊನೆಯದಾಗಿ ಕ್ಷುದ್ರಗ್ರಹ ಕಂಡದ್ದು 1885ರಲ್ಲಿ. ನೂರು ವರ್ಷ ದಾಟಿದ ಮೇಲೆ, 1988ರ ಫೆಬ್ರುವರಿ 17ರಂದು, ಬೆಂಗಳೂರಿನ ಅದೇ ಸಂಸ್ಥೆಯ ಆರ್. ರಾಜಮೋಹನ್ ಅವರು ತಮಿಳುನಾಡಿನ ಕಾವಲೂರಿನಲ್ಲಿರುವ ಸಂಸ್ಥೆಯ ವೀಕ್ಷಣಾಲಯದಿಂದ ಪಟ್ಟಿಯಲ್ಲಿ ಇನ್ನೊಂದನ್ನು ಹಿಡಿದರು. 4130ನೇ ಕ್ಷುದ್ರಗ್ರಹ, ಹೆಸರು ರಾಮಾನುಜನ್. ಈಗ ಶಾಲಾ ಮಕ್ಕಳಿಗೂ ಅವಕಾಶವಿದೆ. ಅಂತಾರಾಷ್ಟ್ರೀಯ ಕ್ಷುದ್ರಗ್ರಹ ಶೋಧ ಕಾರ್ಯಕ್ರಮದಲ್ಲಿ ಹವಾಯಿಯ ದೂರದರ್ಶಕ ತೆಗೆದ ಚಿತ್ರಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಓಡಿಸಿ, ಕದಲುವ ಚುಕ್ಕೆ ಹುಡುಕುತ್ತಾರೆ. ಪಾಗ್ಸನ್ ಮಾಡಿದ್ದೂ ಅದನ್ನೇ. ನಿಮ್ಮ ವಿಜ್ಞಾನದ ಮೇಷ್ಟ್ರನ್ನೋ ಮಿಸ್ಸನ್ನೋ ಕೇಳಿ ನೋಡಿ.

ಏಪ್ರಿಲ್ ರಜೆಯಲ್ಲಿ ಅವಳನ್ನು ಕರೆದುಕೊಂಡು ಕುಣಿಗಲ್ಲಿನ ನನ್ನ ತಂಗಿಯ ಮನೆಗೆ ಹೋದೆ. ಹೆಬ್ಬೂರು ದಾಟುತ್ತಿದ್ದಂತೆ ಕಿಟಕಿ ಪಕ್ಕ ಕೂತವಳು “ಮಂಗಳ ಹೋಯ್ತು” ಎಂದಳು. ಪಕ್ಕದ ಸೀಟಿನವರು ಯಾವುದೋ ಸ್ಟಾಪು ತಪ್ಪಿತೇನೋ ಎಂದು ತಿರುಗಿ ನೋಡಿದರು. ಸಂಜೆ ಕುಣಿಗಲ್ ಕೆರೆಯ ಏರಿಯ ಮೇಲೆ ನಿಂತು, ಜೇಬಿನಲ್ಲಿ ತಂದಿದ್ದ ಕಡಲೆಕಾಳನ್ನು ಒಂದು ಕಲ್ಲಿನ ಮೇಲಿಟ್ಟು ತುಮಕೂರು ಯಾವ ಕಡೆ ಎಂದು ಕೇಳಿದಳು. ತೋರಿಸಿದೆ. ಆಮೇಲೆ ಬೆರಳು ಮಡಿಸಿ ಏನೋ ಲೆಕ್ಕಕ್ಕೆ ತೊಡಗಿದಳು. ಪಾಗ್ಸನ್ ಕಂಡಂದಿನಿಂದ ಏಷ್ಯಾ 43 ಸುತ್ತು ಮುಗಿಸಿ 44ನೆಯದರಲ್ಲಿದೆ ಎಂದು ನಾನು ಮೊದಲೇ ಹೇಳಿದ್ದೆ. ಅವಳ ಲೆಕ್ಕ ಬೇರೆಯದಾಗಿತ್ತು.

“ತಾತ, ನಿನಗೆ ಅರವತ್ತಲ್ವಾ? ಏಷ್ಯಾ ವರ್ಷದಲ್ಲಿ ನಿನಗೆ ಬರೀ ಹದಿನಾರು!”

ಮನೆಗೆ ಬಂದವಳೇ ನನ್ನ ತಂಗಿಗೂ ವಯಸ್ಸು ಕೇಳಿ ಲೆಕ್ಕ ಹಾಕಿದಳು. ಕುಣಿಗಲ್ ಅಜ್ಜಿಗೆ ಹದಿನೈದೂ ತುಂಬಿಲ್ಲವೆಂದು ಗೊತ್ತಾಯಿತು. ರಾತ್ರಿ ಊಟಕ್ಕೆ ಕೂತಾಗ ತಂಗಿ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, “ಬೆಳೆಯೋ ಹುಡುಗ, ತಿನ್ನಣ್ಣ” ಎಂದಳು.